ಕಪ್ಪು, ಕೆಂಪು, ಹಸಿರು ಮಣಿಗಳು
1966ರಲ್ಲಿ ಮೌಲಾನಾ ಕರೆಂಗಾ ಅಮೆರಿಕದಲ್ಲಿ ಆರಂಭಿಸಿದ, ಡಿಸೆಂಬರ್ 26ರಿಂದ ಜನವರಿ 1ರವರೆಗಿನ, ಆಫ್ರಿಕನ್ ಮೂಲದ ಅಮೆರಿಕನ್ನರ ಕ್ವಾನ್ಜಾ ಹಬ್ಬದಲ್ಲಿ ಕೈಯಾರೆ ಮಾಡಿದ ಉಡುಗೊರೆಗೆ ವಿಶೇಷ ಬೆಲೆಯಿದೆ. ಹಾಗಾಗಿ ನೆರೆಮನೆಯ ಗೆಳತಿ ಮಕ್ಕಳೊಂದಿಗೆ ಮಣಿಸರ ಮಾಡಲು ಕೂತಾಗ ನಾನೂ ಮಗಳೂ ಸೇರಿಕೊಂಡೆವು. ಎರಡು ಬಟ್ಟಲು ಮೈದಾಕ್ಕೆ ಒಂದು ಬಟ್ಟಲು ಉಪ್ಪು ಬೆರೆಸಿ, ನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ, ಗೋಲಿ ಗಾತ್ರದ ಉಂಡೆ ಕಟ್ಟಿ, ಹಸಿಯಿರುವಾಗಲೇ ಟೂತ್‌ಪಿಕ್‌ನಿಂದ ತೂತು ಮಾಡಬೇಕು. ನಾನು ಅದನ್ನು ಮರೆತು, ಒಣಗಿದ ಮೇಲೆ ಚುಚ್ಚಲು ಹೋಗಿ ಹನ್ನೊಂದು ಮಣಿಗಳನ್ನು ಒಡೆದೆ. ಕಪ್ಪು ಬಣ್ಣ ಜನರಿಗೆ, ಕೆಂಪು ಹೋರಾಟಕ್ಕೆ, ಹಸಿರು ನಾಳಿನ ಭರವಸೆಗೆ ಎಂದು ಗೆಳತಿಯ ಆರು ವರ್ಷದ ಮಗ ಬಣ್ಣ ಬಳಿಯುತ್ತಲೇ ನನಗೆ ಪಾಠ ಹೇಳಿದ. ಆರನೆಯ ದಿನ, ಸೃಜನಶೀಲತೆಗೆ ಮೀಸಲಾದ ‘ಕುಊಂಬಾ’ದ ಸಂಜೆ, ಅವನು ಅಜ್ಜಿಯ ಕೊರಳಿಗೆ ಸರ ಹಾಕಿದಾಗ ಹಸಿರು ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು.