ಜಗಳಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?

2023, ಮಳೆ ಕೈಕೊಟ್ಟ ವರ್ಷ. ಮಂಡ್ಯ ಸೀಮೆಯ ನಮ್ಮೂರಿನ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಿದ್ದರು. ಕೆಲವು ದಿನ ನೀರು, ಕೆಲವು ದಿನ ಬಂದ್. ಒಂದು ರಾತ್ರಿ ನಮ್ಮ ಸರದಿಯಲ್ಲಿ ಚಿಕ್ಕಪ್ಪ ಕಾಲುವೆಯ ಬಾಯಿ ಕಡಿದು ತಮ್ಮ ಗದ್ದೆಗೆ ನೀರು ತಿರುಗಿಸಿಕೊಂಡರು. ಬೆಳಿಗ್ಗೆ ಅಪ್ಪ ಹೋಗಿ ನೋಡಿದರೆ, ನಾಟಿ ಮಾಡಿ ಎಂಟೇ ದಿನವಾಗಿದ್ದ ಪೈರಿನ ಬುಡದಲ್ಲಿ ನೆಲ ಬಿರುಕು ಬಿಡುತ್ತಿತ್ತು. ಗುದ್ದಲಿಯಲ್ಲಿ ಕೆಸರು ಎಳೆದು ಬಾಯಿ ಮುಚ್ಚಿದರು. ಬದುವಿನ ಮೇಲೆ ನಾಲ್ಕು ಮಾತು ಆಯಿತು. ಆಮೇಲೆ ಅಣ್ಣ ತಮ್ಮ ಮಾತು ಬಿಟ್ಟರು.

ಚಿಕ್ಕಪ್ಪನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಚಿಕ್ಕಂದಿನಿಂದ ಹಾಸ್ಟೆಲಲ್ಲಿ ಓದಿದವನು. ಕನ್ನಡ ಚೆನ್ನಾಗಿ ಮಾತಾಡ್ತಾನೆ, ಓದೋದು ಕಷ್ಟ. ಹಾಗಾಗಿ ನಾನು ಅವನಿಗೆ ಇಂಗ್ಲಿಷಿನಲ್ಲೇ ಮೇಲ್ ಬರೆಯುತ್ತೇನೆ. ಅವತ್ತೂ ಬರೆದೆ: ನಾಲೆ ನೀರಿನ ವಿಷಯಕ್ಕೆ ಅಪ್ಪನಿಗೂ ಚಿಕ್ಕಪ್ಪನಿಗೂ ದೊಡ್ಡ 'ಫೈಟ್' ಆಗಿದೆ ಅಂತ. ಸ್ಕೂಲಿನಿಂದಲೂ ಜಗಳ ಅಂದರೆ ಫೈಟ್ ಅಂತಲೇ ನನ್ನ ತಲೆಯಲ್ಲಿ ಕೂತಿತ್ತು.

ಫೋನ್ ಬಂದಾಗ ಅಲ್ಲಿ ನಡುರಾತ್ರಿ ದಾಟಿತ್ತು. "ಅಕ್ಕ, ಯಾರಿಗೆ ಏಟು ಬಿತ್ತು? ಆಸ್ಪತ್ರೆಗೆ ಸೇರ್ಸಿದೀರಾ? ಅಪ್ಪ ಫೋನೇ ಎತ್ತಿಲ್ಲ!" ಅವನ ದನಿ ನಡುಗುತ್ತಿತ್ತು. ಯಾರಿಗೂ ಏನೂ ಆಗಿಲ್ಲ ಕಣೋ, ಬರೀ ಮಾತಿಗೆ ಮಾತು ಆಗಿದ್ದು ಅಂತ ಹೇಳಿ ಸಮಾಧಾನ ಮಾಡುವಷ್ಟರಲ್ಲಿ ನನಗೇ ಅಳು ಬಂದಿತ್ತು. ಗಂಡ ಹೆಂಡತಿ ಬರೀ ಮಾತಿನಲ್ಲಿ ಜಗಳ ಆಡಿದರೂ ಇಂಗ್ಲಿಷಿನವರು ಫೈಟ್ ಅಂತಾರೆ, ನಿಜ. ಆದರೆ ನೀರು, ಹೊಲ, ಅಣ್ಣ ತಮ್ಮ ಅನ್ನೋ ಮಾತಿನ ಪಕ್ಕ ಆ ಪದ ಕೂತರೆ ಕಣ್ಣಿಗೆ ಕಾಣೋದು ದೊಣ್ಣೆ, ಕುಡುಗೋಲು. ಅದು ನನಗೆ ಹೊಳೆದಿರಲೇ ಇಲ್ಲ.

ಆ ರಾತ್ರಿ ಡಿಕ್ಷನರಿ ಹಿಡಿದು ಕೂತೆ. ಇಂಗ್ಲಿಷಿನಲ್ಲಿ ಜಗಳದ ಒಂದೊಂದು ಅಳತೆಗೂ ಒಂದೊಂದು ಪದ ಇದೆ. ಚಿಲ್ಲರೆ ಮುನಿಸಿಗೆ 'ಟಿಫ್', ಮಕ್ಕಳ ಥರ ಕಿತ್ತಾಡೋದಕ್ಕೆ 'ಸ್ಕ್ವಾಬಲ್', ದನಿ ಏರಿಸಿ ಬೈದಾಡಿದರೆ 'ಕ್ವಾರೆಲ್', ಎರಡು ಮನೆತನ ವರ್ಷಗಟ್ಟಲೆ ಹಗೆ ಸಾಧಿಸಿದರೆ 'ಫ್ಯೂಡ್'. 'ಆರ್ಗ್ಯುಮೆಂಟ್' ಅನ್ನೋದಕ್ಕಂತೂ ಎರಡು ಮುಖ. ವಾಗ್ವಾದವೂ ಅದೇ, ವಕೀಲರು ಕೋರ್ಟಿನಲ್ಲಿ ಮಂಡಿಸುವ ವಾದವೂ ಅದೇ. 'ಡಿಸ್ಪ್ಯೂಟ್' ನಮಗೆ ಗೊತ್ತಿರೋ ಪದವೇ. 1956ರ ಅಂತರರಾಜ್ಯ ನದಿ ನೀರಿನ ಕಾಯ್ದೆಯ ಹೆಸರಲ್ಲಿ ಅದಿದೆ, 1990ರಲ್ಲಿ ಬಂದ ಕಾವೇರಿ ನ್ಯಾಯಮಂಡಳಿಯ ಹೆಸರಲ್ಲೂ ಇದೆ. ಪೇಪರಿನವರು ಅದನ್ನು ವಿವಾದ ಅಂತಾರೆ, ನಮ್ಮೂರ ಜನ ಕಾವೇರಿ ಗಲಾಟೆ ಅಂತಾರೆ. ಅಪ್ಪ ಚಿಕ್ಕಪ್ಪನ ನಡುವೆ ಕಾಗದವಿಲ್ಲ, ವಕೀಲರಿಲ್ಲ. ಅದಕ್ಕೆ ಆ ಪದ ಹಾಕೋಕೆ ಮನಸ್ಸು ಒಪ್ಪಲಿಲ್ಲ.

ಹುಡುಕುತ್ತಾ ಇನ್ನೊಂದು ಪದ ಸಿಕ್ಕಿತು. 'ರೈವಲ್', ಅಂದರೆ ಎದುರಾಳಿ. ಅದರ ಬೇರು ಲ್ಯಾಟಿನ್ನಿನಲ್ಲಿದೆ. ಒಂದೇ ತೊರೆಯ ನೀರು ಬಳಸುವವನು ಅಂತ ಅದರ ಮೂಲ ಅರ್ಥ. ಓದಿದವಳು ಸುಮ್ನೆ ಕೂತುಬಿಟ್ಟೆ. ಎಲ್ಲಿಯ ರೋಮ್, ಎಲ್ಲಿಯ ನಮ್ಮ ನಾಲೆ! ಅಲ್ಲೂ ಯಾರೋ ರಾತ್ರಿ ಎದ್ದು ಹೋಗಿ ಪಕ್ಕದವನ ಪಾಲಿನ ನೀರು ತಿರುಗಿಸಿಕೊಂಡಿರಬೇಕು, ಅಲ್ವಾ?

ಹಾಗಂತ ಕನ್ನಡದಲ್ಲಿ ಪದಗಳಿಗೆ ಬರವೇನಿಲ್ಲ. ತಕರಾರು, ತಂಟೆ, ಕ್ಯಾತೆ, ಮನಸ್ತಾಪ, ವ್ಯಾಜ್ಯ, ಎಷ್ಟು ಬೇಕು? ಆದರೆ ನಾವು ಜಾಸ್ತಿ ಬಳಸೋದು ಜಗಳ ಅನ್ನೋ ಒಂದೇ ಪದ. ಅದರ ಮುಂದಿನ ಕ್ರಿಯಾಪದದಲ್ಲೇ ಎಲ್ಲ ಗೊತ್ತಾಗುತ್ತೆ. ಜಗಳ ಆಡಿದರು ಅಂದರೆ ಇಬ್ಬರದೂ ಪಾಲಿದೆ. ಜಗಳ ತೆಗೆದ ಅಂದರೆ ತಪ್ಪು ಅವನದೇ. ಜಗಳ ಹಚ್ಚಿದ ಅಂದರೆ ಮೂರನೆಯವನ ಕೈವಾಡ. ನಾನು ಇಂಗ್ಲಿಷಿಗೆ ಹೋಗುವಾಗ ಜಗಳವನ್ನಷ್ಟೇ ಒಯ್ದಿದ್ದೆ, ಆ ಕ್ರಿಯಾಪದ ಇಲ್ಲೇ ಉಳಿದುಹೋಗಿತ್ತು.

ಬೆಳಿಗ್ಗೆ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಅಪ್ಪನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ಬಾಯಿ ಮುಕ್ಕಳಿಸಿ, ಟವೆಲಿನಲ್ಲಿ ಮುಖ ಒರೆಸಿಕೊಂಡರು. "ಜಗಳ ಅಂತ ಯಾಕವ್ವ ಬರದೆ? ಅವನು ನೀರು ತಿರುಗಿಸ್ಕಂಡ, ನಾನು ಕೇಳ್ದೆ. ಕೇಳಿದ್ದು ಜೋರಾಯ್ತು, ಅಷ್ಟೇಯ."

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಹುಡುಗ ಭಾಳ ಹೆದರ್ಕಂಡಿದ್ನಾ?"

ಹ್ಞೂಂ ಅಂದೆ. ಅಪ್ಪ ಏನೂ ಹೇಳಲಿಲ್ಲ. ಗುದ್ದಲಿ ಹೆಗಲಿಗೆ ಹಾಕಿಕೊಂಡು ಗದ್ದೆ ಕಡೆ ಹೊರಟರು.

ನಾನು ಒಳಗೆ ಬಂದು ತಮ್ಮನಿಗೆ ಎರಡನೇ ಮೇಲ್ ಬರೆದೆ. ಈ ಸಲ ಅಪ್ಪ ಹೇಳಿದ್ದನ್ನೇ, ಅವರು ಹೇಳಿದಷ್ಟೇ ಇಂಗ್ಲಿಷಿಗೆ ತಂದೆ. ಫೈಟ್, ಕ್ವಾರೆಲ್, ಡಿಸ್ಪ್ಯೂಟ್, ಒಂದನ್ನೂ ಹಾಕಲಿಲ್ಲ.