ಎಣಿಸಿದರೆ ಎಂಟೇ ಕಾಲು

12 ಆಗಸ್ಟ್ 2024, ಸೋಮವಾರ
ಯಾದಗಿರಿ

ಮಳೆ ಹಿಡಿದ ಮೇಲೆ ಶಹಾಪುರ, ಸುರಪುರ ಕಡೆಯ ನೆಲ್ಲಿನ ಗದ್ದೆಗಳ ಬದುವಿನಲ್ಲಿ ಏಡಿ ಬಿಲಗಳು ಕಾಣತೊಡಗಿವೆ. ಬಿ.ಎಸ್ಸಿ. ಪ್ರಾಕ್ಟಿಕಲ್‌ಗೆ ಇದೇ ಗದ್ದೆ ಏಡಿ ಸಾಕು. ಪಕ್ಕದಲ್ಲಿ ಆಳ ಸಮುದ್ರದ ಗೋಲ್ಡನ್ ಕಿಂಗ್ ಕ್ರ್ಯಾಬ್‌ನ ಎರಡು ಚಿತ್ರ ಇರಲಿ, ಬೆನ್ನಿನದೊಂದು, ಹೊಟ್ಟೆಯದೊಂದು. ಬೆನ್ನಿನ ಚಿತ್ರ ಮಾತ್ರ ತೋರಿಸಿದರೆ ಪಾಠ ಅರ್ಧವೂ ಆಗುವುದಿಲ್ಲ.

ಈ ಕಿಂಗ್ ಕ್ರ್ಯಾಬ್‌ನ ಶಾಸ್ತ್ರೀಯ ಹೆಸರು ಲಿಥೋಡಿಸ್ ಈಕ್ವಿಸ್ಪೈನಸ್. ಪ್ರಾಣಿಶಾಸ್ತ್ರಜ್ಞ ಬೆನೆಡಿಕ್ಟ್ 1895ರಲ್ಲಿ ವರ್ಣಿಸಿದ್ದು. ಬೇರಿಂಗ್ ಸಮುದ್ರದಿಂದ ಜಪಾನಿನವರೆಗೆ, ಹೆಚ್ಚಾಗಿ 300ರಿಂದ 1000 ಮೀಟರ್ ಆಳದಲ್ಲಿ ಇರುತ್ತದೆ.

ಮೊದಲು ಕಾಲು ಎಣಿಸಿ. ಗದ್ದೆ ಏಡಿಗೆ ಕೊಂಡಿ ಸೇರಿ ಹತ್ತು. ಕಿಂಗ್ ಕ್ರ್ಯಾಬ್‌ನಲ್ಲಿ ಕಾಣುವುದು ಎಂಟೇ. ಎರಡು ಮುರಿದಿವೆ ಎಂದು ಬರೆಯುವವರೇ ಹೆಚ್ಚು. ಮುರಿದಿದ್ದರೆ ಬುಡದಲ್ಲಿ ಮೋಟು ಉಳಿದಿರಬೇಕು. ಐದನೆಯ ಜೋಡಿ ಸಣ್ಣದಾಗಿ, ಬೆನ್ನುಚಿಪ್ಪಿನ ಹಿಂಬದಿಯೊಳಗೆ ಮಡಚಿಕೊಂಡಿರುತ್ತದೆ. ನಡೆಯಲು ಅದು ಬೇಡ, ಕಿವಿರು ಶುಚಿ ಮಾಡಲು ಬೇಕು. ಕುಡಿಮೀಸೆಯನ್ನೂ ನೋಡಿ: ಗದ್ದೆ ಏಡಿಯಲ್ಲಿ ಎರಡು ಕಣ್ಣುಗಳ ನಡುವೆ, ಇದರಲ್ಲಿ ಕಣ್ಣಿನ ಹೊರಬದಿಗೆ.

ಈಗ ಮಗುಚಿ. ಗದ್ದೆ ಏಡಿಯ ಹೊಟ್ಟೆಯ ಮಡಿಕೆ ಎಡಬಲ ಸಮ. ಗಂಡಿಗೆ ಕಿರಿದು, ಹೆಣ್ಣಿಗೆ ಅಗಲ. ಹೆಣ್ಣು ಕಿಂಗ್ ಕ್ರ್ಯಾಬ್‌ನ ಹೊಟ್ಟೆ ಮಾತ್ರ ಸೊಟ್ಟ. ಎಡಬದಿಯ ಫಲಕಗಳು ದೊಡ್ಡವು, ಮೊಟ್ಟೆ ಹೊರುವ ಉಪಾಂಗಗಳೂ ಬಹುತೇಕ ಎಡಕ್ಕೇ. ಶಂಖದ ಸುರುಳಿಯೊಳಗೆ ಬದುಕುವ ಸನ್ಯಾಸಿ ಏಡಿಯ ವಂಶದಿಂದ ಬಂದದ್ದರ ಗುರುತು ಇದು. ಹೆಸರಿಗೆ ಏಡಿಯಾದರೂ ಇದು ಗದ್ದೆ ಏಡಿಯಂಥ ನಿಜ ಏಡಿಗಳ ಬ್ರಾಕಿಯೂರ ಗುಂಪಿನದಲ್ಲ, ಸನ್ಯಾಸಿ ಏಡಿ ಸೇರಿದ ಅನೋಮೂರ ಗುಂಪಿನದು. ಇಡೀ ಪ್ರಾಕ್ಟಿಕಲ್‌ನಲ್ಲಿ ಇದಕ್ಕಿಂತ ಸೊಗಸಾದ ಸಾಕ್ಷಿ ಇನ್ನೊಂದಿಲ್ಲ. ಇಲ್ಲಿ ಹತ್ತು ನಿಮಿಷ ಹೆಚ್ಚೇ ಕೊಡಬೇಕು.

ಬಣ್ಣ ನಂಬಬೇಡಿ. ಬೇಯಿಸಿದರೆ ಅಸ್ಟಾಕ್ಸಾಂತಿನ್ ಎಂಬ ಕೆಂಪು ವರ್ಣದ್ರವ್ಯ ಪ್ರೋಟೀನಿನಿಂದ ಬಿಡಿಸಿಕೊಂಡು ಎಲ್ಲವೂ ಕೆಂಪಾಗುತ್ತವೆ. ಚಿಪ್ಪಿನ ನಡುಭಾಗದ ಮುಳ್ಳು ಎಣಿಸಿ: ರೆಡ್ ಕಿಂಗ್ ಕ್ರ್ಯಾಬ್‌ಗೆ ಮೂರು ಜೋಡಿ, ಬ್ಲೂ ಕಿಂಗ್ ಕ್ರ್ಯಾಬ್‌ಗೆ ಎರಡು ಜೋಡಿ, ಗೋಲ್ಡನ್‌ಗೆ ಒಟ್ಟು 5ರಿಂದ 9 ಮುಳ್ಳು, ಅದೂ ಸಾಲು ತಪ್ಪಿ. ಮರಿಗಳಲ್ಲಿ ಮೈಗೆ ಹೋಲಿಸಿದರೆ ಮುಳ್ಳು ಬಹಳ ಉದ್ದ, ಬೆಳೆದಂತೆ ಮೋಟಾಗುತ್ತದೆ; ಹಾಗಾಗಿ ಉದ್ದ ನೋಡಿ ಜಾತಿ ಹೇಳಿದರೆ ತಪ್ಪುತ್ತದೆ. ಚಿಪ್ಪಿನ ಉದ್ದವನ್ನು ಬಲಗಣ್ಣಿನ ಗುಳಿಯ ಹಿಂದಂಚಿನಿಂದ ಚಿಪ್ಪಿನ ಹಿಂದಂಚಿನ ಮಧ್ಯಕ್ಕೆ ಅಳೆಯಬೇಕು. ಮೂತಿಯ ಮುಳ್ಳು ಲೆಕ್ಕಕ್ಕಿಲ್ಲ.

ನಮ್ಮ ಸಮುದ್ರದಲ್ಲೂ ಕಿಂಗ್ ಕ್ರ್ಯಾಬ್ ಕುಟುಂಬದವು ಇವೆ. ಇನ್ವೆಸ್ಟಿಗೇಟರ್ ಎಂಬ ಸಮೀಕ್ಷೆ ಹಡಗಿನ ಸಂಗ್ರಹದಿಂದ ಆಲ್ಕಾಕ್ ಮತ್ತು ಆಂಡರ್ಸನ್ 1899ರಲ್ಲಿ ವರ್ಣಿಸಿದ ಪ್ಯಾರಾಲೋಮಿಸ್ ಇನ್ವೆಸ್ಟಿಗೇಟೋರಿಸ್ ಅಂಥದ್ದು. ಮೇಲಿನ ನೀರಿನ ಬಿಸಿ ಇವಕ್ಕೆ ಒಗ್ಗದು, ಅದಕ್ಕೇ ಆಳ ಹಿಡಿದಿವೆ.

ಗದ್ದೆ ಏಡಿಯನ್ನು ಕಾದಿಡುವುದಾದರೆ ಫಾರ್ಮಾಲಿನ್ ಬೇಡ. ದಿನ ಕಳೆದಂತೆ ಅದು ಹುಳಿಯಾಗಿ ಚಿಪ್ಪಿನ ಸುಣ್ಣವನ್ನು ಕರಗಿಸುತ್ತದೆ. 95 ಪ್ರತಿಶತ ಸ್ಪಿರಿಟ್ 70 ಮಿ.ಲೀ.ಗೆ 25 ಮಿ.ಲೀ. ನೀರು ಬೆರೆಸಿದರೆ 70 ಪ್ರತಿಶತ ಬರುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಮುಚ್ಚಳ ಸಡಿಲವಿದ್ದರೆ ನೀರಿಗಿಂತ ಮೊದಲು ಸ್ಪಿರಿಟ್ ಆರುತ್ತದೆ. ಆಗ ನೀರು ಸುರಿದು ಮಟ್ಟ ಸರಿ ಮಾಡಿದರೆ ಮಾದರಿ ಕೊಳೆಯುತ್ತದೆ. ದ್ರಾವಣವನ್ನೇ ಪೂರ್ತಿ ಬದಲಿಸಬೇಕು.