ಕೇತಿಯ ಆಲೂಗೆಡ್ಡೆ, ಬೆಳ್ಳುಳ್ಳಿ ಕೆನೆ

ಊಟಿ ಬೆಟ್ಟದಲ್ಲಿ ನೀರು ಬೇಗ ಕುದಿಯುತ್ತದೆ, ಆಲೂಗೆಡ್ಡೆ ಮಾತ್ರ ಬೇಗ ಬೇಯುವುದಿಲ್ಲ. ಊಟಿ ಪೇಟೆ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಮೇಲಿದೆ. ಅಲ್ಲಿ ನೀರು 92-93 ಡಿಗ್ರಿಗೇ ಕೊತಕೊತ ಅನ್ನುತ್ತದೆ. ಮೈಸೂರಿನಲ್ಲಿ ಅದು 97ರ ಆಸುಪಾಸು. ನೋಡೋಕೆ ಕುದಿ ಒಂದೇ ಥರ, ಒಳಗಿನ ಬಿಸಿ ಕಡಿಮೆ. ನಾವಿರುವ ಕೇತಿ ಕಣಿವೆ ಊಟಿಗಿಂತ ಸ್ವಲ್ಪ ತಗ್ಗು, ಆದರೂ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುತ್ತೇನೆ ಅಂತ ಇಲ್ಲಿ ಯಾರೂ ಹೊರಡುವುದಿಲ್ಲ.

ಮೈಸೂರಿನಿಂದ ಫೋನ್ ಮಾಡುವವರು ಕೇಳುವುದು ಬೋಟ್ ಹೌಸ್, ಚಳಿ, ಚಾಕಲೇಟು, ಇಷ್ಟೇ. ಇಲ್ಲಿ ಸಂಸಾರ ಹೂಡಿದವರಿಗೆ ನೀಲಗಿರಿ ಅಂದರೆ ಮೊದಲು ಚಹಾ, ಆಮೇಲೆ ಕ್ಯಾರೆಟ್, ಆಲೂಗೆಡ್ಡೆ, ಬೆಳ್ಳುಳ್ಳಿ. ಅಡುಗೆಮನೆ ಕಿಟಕಿ ತೆರೆದರೆ ಎದುರಿನ ಇಳಿಜಾರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇವೇ. ಹಾಗಾಗಿ ಈ ಸಲ ಬರೆಯುವುದು ನಮ್ಮ ಮನೆಯಲ್ಲಿ ಚಳಿಗಾಲದ ಸಂಜೆಗೆ ಆಗುವ ಒಂದು ತಿಂಡಿ ಬಗ್ಗೆ. ಹುರಿದ ಆಲೂಗೆಡ್ಡೆ, ಅದರ ಜೊತೆ ಬೆಳ್ಳುಳ್ಳಿ ಹಾಕಿದ ಕೆನೆ ಸಾಸು. ಹೋಟೆಲಿನವರು ಇದಕ್ಕೆ ಏನೇನೋ ಹೆಸರಿಡುತ್ತಾರೆ, ಬಿಡಿ.

ಆಲೂ ಈ ಬೆಟ್ಟಕ್ಕೆ ಬಂದದ್ದು 1820ರ ದಶಕದಲ್ಲಿ. ಆಗ ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ ಊಟಿಯಲ್ಲಿ ಮನೆ ಕಟ್ಟಿಕೊಂಡು, ಇಂಗ್ಲೆಂಡಿನ ತರಕಾರಿಗಳನ್ನೆಲ್ಲ ಇಲ್ಲಿ ಬೆಳೆಸಿ ನೋಡಿದ. ಈಗ ಇಲ್ಲಿನ ರೈತರಿಗೆ ಆಲೂಗೆ ಮೂರು ಹಂಗಾಮು. ಜನವರಿ-ಫೆಬ್ರವರಿಯಲ್ಲಿ ನೀರು ಹಾಯಿಸಿ ಹಾಕುವುದು ನೀರ್‌ಬೋಗಂ, ಏಪ್ರಿಲ್-ಮೇನಲ್ಲಿ ಕಾರ್‌ಬೋಗಂ, ಆಗಸ್ಟ್-ಸೆಪ್ಟೆಂಬರಿನಲ್ಲಿ ಕಡೈಬೋಗಂ. ತಳಿ ಬಹಳ ಕಡೆ ಕುಫ್ರಿ ಜ್ಯೋತಿ, ನಮ್ಮ ಹಾಸನದ ರೈತರು ಹಾಕುವುದೂ ಅದೇ. ಊಟಿ ಹತ್ತಿರದ ಮುತ್ತೋರೆಯಲ್ಲಿ 1957ರಿಂದ ಆಲೂಗೆಡ್ಡೆಗೆಂದೇ ಒಂದು ಸಂಶೋಧನಾ ಕೇಂದ್ರವಿದೆ. 1961ರಲ್ಲಿ ಇಲ್ಲಿನ ಮಣ್ಣಿನಲ್ಲಿ ಆಲೂ ಬೇರಿಗೆ ಹತ್ತುವ ಕಣ್ಣಿಗೆ ಕಾಣದ ಹುಳ ಸಿಕ್ಕಿತು. ಆಮೇಲೆ ನೀಲಗಿರಿಯ ಬಿತ್ತನೆ ಗೆಡ್ಡೆ ಹೊರಗೆ ಹೋಗುವುದಕ್ಕೆ ತಡೆ ಬಿತ್ತು. ತಿನ್ನೋಕೆ ಏನೂ ತೊಂದರೆ ಇಲ್ಲ, ಗಾಬರಿ ಬೇಡ.

ತಮಾಷೆ ಇರುವುದು ಮಾರಾಟದಲ್ಲಿ. ಇಲ್ಲಿ ಕಿತ್ತ ಗೆಡ್ಡೆ ಲಾರಿ ಹತ್ತಿ ಮೇಟ್ಟುಪಾಳಯಂನ ಮಂಡಿಗೆ ಇಳಿಯುತ್ತದೆ. ಕೋಲಾರದ್ದು, ಗುಜರಾತಿನದ್ದು ಕೂಡ ಅದೇ ಮಂಡಿಗೆ ಬರುತ್ತದೆ. ಊಟಿ ಆಲೂಗೆ ಬೆಲೆ ಜಾಸ್ತಿ, ಮೈಗೆ ಮೆತ್ತಿದ ಕೆಂಪು ಮಣ್ಣೇ ಅದರ ಗುರುತು. ಬೇರೆ ಊರಿನ ಗೆಡ್ಡೆಗೂ ಕೆಂಪು ಮಣ್ಣು ಬಳಿದು ಮಾರುವವರಿದ್ದಾರೆ ಅಂತ ಇಲ್ಲಿನವರು ನಗುತ್ತಾರೆ. ಹಾಗಾಗಿ ನಾನು ಪೇಟೆಯಲ್ಲಿ ಕೊಳ್ಳುವುದಿಲ್ಲ. ಕೇತಿ ಪಾಲಾಡದಲ್ಲಿ ಹೊಲದವರ ಹತ್ತಿರವೇ ಬಟ್ಟೆ ಚೀಲ ಹಿಡಿದು ನಿಲ್ಲುತ್ತೇನೆ. (ಈ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ಕವರ್ ಕೈಯಲ್ಲಿ ಕಂಡರೆ ದಂಡ. ಊರಿಂದ ಬರುವವರು ಬಂಡೀಪುರ ದಾಟುವಾಗಲೇ ನೆನಪಿಟ್ಟುಕೊಳ್ಳಿ. ಆ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್ ಅನ್ನುವುದೂ ನೆನಪಿರಲಿ.)

ಈ ಅಡುಗೆಗೆ ಆಗಷ್ಟೇ ಕಿತ್ತ ಎಳೆ ಗೆಡ್ಡೆ ಬೇಡ. ಅದರಲ್ಲಿ ನೀರು ಜಾಸ್ತಿ, ಅಂಚು ಗರಿ ಆಗುವುದಿಲ್ಲ. ಉಗುರಿಂದ ಕೆರೆದರೆ ಸಿಪ್ಪೆ ಏಳದ ಬಲಿತ ಗೆಡ್ಡೆ ಬೇಕು. ಇನ್ನೊಂದು, ಆಲೂವನ್ನು ಫ್ರಿಜ್ಜಿನಲ್ಲಿ ಇಡಬೇಡಿ. ತಣ್ಣಗಿಟ್ಟರೆ ಅದರೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಹುರಿಯುವಾಗ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಡಿಸೆಂಬರ್-ಜನವರಿಯಲ್ಲಿ ನಮ್ಮ ಅಡುಗೆಮನೆಯೇ ಫ್ರಿಜ್ಜು. ತಗ್ಗಿನ ಹೊಲಗಳಲ್ಲಿ ಬೆಳಗ್ಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿಳಿ ಹಿಮ ಕೂತಿರುತ್ತದೆ. ಆಗ ಆಲೂ ಚೀಲ ಒಲೆಯ ಪಕ್ಕದ ಗೂಡಿಗೆ ಬರುತ್ತದೆ, ಕೊಬ್ಬರಿ ಎಣ್ಣೆ ಡಬ್ಬಿಯೂ ಅಲ್ಲಿಗೇ.

ಒಂದು ಕೆಜಿ ಗೆಡ್ಡೆ ಸಿಪ್ಪೆ ತೆಗೆದು, ಒಂದು ದೊಡ್ಡ ನೆಲ್ಲಿಕಾಯಿಗಿಂತ ಕೊಂಚ ದಪ್ಪಗೆ ಹೆಚ್ಚಿ. ತಣ್ಣೀರಿಗೆ ಹಾಕಿ, ಕೈತುಂಬ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ಒಲೆ ಮೇಲಿಡಿ. ಸೋಡಾ ಯಾಕೆ ಅಂದರೆ, ಅದು ಗೆಡ್ಡೆಯ ಹೊರಮೈಯನ್ನು ಬೇಗ ಮೆತ್ತಗೆ ಮಾಡುತ್ತದೆ. ಹುಣಸೆಹುಳಿ ಬಿದ್ದ ಮೇಲೆ ತರಕಾರಿ ಬೇಯುವುದಿಲ್ಲ ಅಂತ ನಮ್ಮಮ್ಮಂದಿರಿಗೆ ಗೊತ್ತಲ್ವಾ? ಸೋಡಾ ಮಾಡುವುದು ಅದರ ತದ್ವಿರುದ್ಧ ಕೆಲಸ. ಮೈಸೂರಿನಲ್ಲಿ ಕುದಿ ಬಂದ ಮೇಲೆ ಹತ್ತು ನಿಮಿಷ ಸಾಕು. ಇಲ್ಲಿ ಹದಿನೈದು ದಾಟುತ್ತದೆ. ಗಡಿಯಾರ ನಂಬಬೇಡಿ, ಚಾಕು ನಂಬಿ. ಅಂಚಿನಲ್ಲಿ ಚಾಕು ಸಲೀಸಾಗಿ ಇಳಿಯಬೇಕು, ನಡುವೆ ಸ್ವಲ್ಪ ತಡೆಯಬೇಕು. ಕುಕ್ಕರ್ ಮಾತ್ರ ಬೇಡ, ಒಂದು ಸೀಟಿ ಹೆಚ್ಚಾದರೆ ಗೊಜ್ಜಾಗುತ್ತದೆ.

ನೀರು ಬಸಿದು, ಅದೇ ಬಿಸಿ ಪಾತ್ರೆಗೆ ವಾಪಸ್ ಹಾಕಿ, ಮುಚ್ಚದೆ ಬಿಡಿ. ಹಬೆ ಪೂರ್ತಿ ಹೋಗಲಿ. ಈ ಹೊತ್ತಲ್ಲಿ ಆತುರ ಮಾಡಿದರೆ ಆಮೇಲೆ ಎಷ್ಟು ಎಣ್ಣೆ ಸುರಿದರೂ ಗರಿ ಬರಲ್ಲ. ಹಬೆ ನಿಂತ ಮೇಲೆ ಮುಚ್ಚಳ ಹಾಕಿ ಪಾತ್ರೆಯನ್ನು ಎರಡು ಸಲ ಜೋರಾಗಿ ಕುಲುಕಿ. ತೆರೆದು ನೋಡಿದರೆ ಹೋಳುಗಳ ಅಂಚು ಕಿತ್ತು, ಮೈಮೇಲೆಲ್ಲ ಹಿಟ್ಟು ಹಿಟ್ಟಾಗಿ ಅಂಟಿರುತ್ತದೆ. ಹುರಿದಾಗ ಗರಿಯಾಗುವುದು ಇದೇ.

ಪಕ್ಕದ ಮನೆ ಅಕ್ಕ ಚಾಮರಾಜನಗರದ ಕಡೆಯವರು, ಯಜಮಾನರು ಟೀ ಫ್ಯಾಕ್ಟರಿಯಲ್ಲಿದ್ದಾರೆ. ನಾನು ಪಾತ್ರೆ ಕುಲುಕುವುದನ್ನು ನೋಡಿ, "ಬೇಯ್ಸಿದ್ಮೇಲೆ ಮತ್ಯಾಕಮ್ಮ ಹುರಿಯೋದು? ಗ್ಯಾಸೇನ್ ಪುಕ್ಕಟೆ ಬತ್ತದಾ?" ಅಂದರು. ನ್ಯಾಯವಾದ ಪ್ರಶ್ನೆ. ಹಸಿಯಾಗೇ ಓವನ್ನಿಗೆ ಹಾಕಿದರೂ ಆಗುತ್ತದೆ, ಆದರೆ ಸಿಗುವುದು ತೊಗಲಿನಂಥ ಹೊರಮೈ. ನನಗೆ ಅದು ಸೇರುವುದಿಲ್ಲ.

ಓವನ್ ಇದ್ದವರು 210 ಡಿಗ್ರಿಗೆ ಕಾಯಿಸಿ. ಟ್ರೇಯಲ್ಲಿ ಎಣ್ಣೆ ಮೊದಲೇ ಬಿಸಿಯಾಗಿರಲಿ. ಹೋಳುಗಳನ್ನು ಒಂದಕ್ಕೊಂದು ತಾಗದ ಹಾಗೆ ಹರಡಿ, 45 ನಿಮಿಷ ಬಿಡಿ, ಮಧ್ಯೆ ಒಂದೇ ಸಲ ತಿರುವಿ. ಓವನ್ ಇಲ್ಲದಿದ್ದರೆ ದಪ್ಪ ಕಬ್ಬಿಣದ ಕಾವಲಿ, ಸಣ್ಣ ಉರಿ, ಸುತ್ತ ಎಣ್ಣೆ. ಕಾವಲಿ ಕಚ್ಚುತ್ತಿದೆ ಅನಿಸಿದರೂ ಕೆದಕಬೇಡಿ. ತಳ ಕೆಂಪಾದ ಮೇಲೆ ಅದೇ ಬಿಡುತ್ತದೆ. ಇಲ್ಲಿ ರೋಸ್‌ಮೇರಿ ಬೆಳೆಯುತ್ತಾರೆ, ಕೈಗೆ ಸುಲಭವಾಗಿ ಸಿಗುತ್ತದೆ, ಕೊನೆಯ ಹತ್ತು ನಿಮಿಷಕ್ಕೆ ಒಂದು ಕಡ್ಡಿ ಹಾಕುತ್ತೇನೆ. ಸಿಗದವರು ಸುಮ್ನೆ ಹುಡುಕಿಕೊಂಡು ಅಲೆಯಬೇಡಿ.

ಇನ್ನು ಬೆಳ್ಳುಳ್ಳಿ. ನೀಲಗಿರಿ ಬೆಳ್ಳುಳ್ಳಿಯನ್ನು ಬಿತ್ತನೆಗೆ ಅಂತ ಉತ್ತರದ ರಾಜ್ಯಗಳ ವ್ಯಾಪಾರಿಗಳು ಮೇಟ್ಟುಪಾಳಯಂಗೆ ಬಂದು ಕೊಳ್ಳುತ್ತಾರೆ. ಅವರು ಬಂದ ವಾರ ನಮ್ಮ ಜೇಬಿಗೆ ಕತ್ತರಿ. ಎಸಳು ದಪ್ಪ, ಘಾಟು ಖಡಕ್. ಎರಡು ಇಡೀ ಗೆಡ್ಡೆಯ ತಲೆ ಕತ್ತರಿಸಿ, ಸಿಪ್ಪೆ ಸಮೇತ ಎಣ್ಣೆ ಸವರಿ, ಫಾಯಿಲ್‌ನಲ್ಲಿ ಸುತ್ತಿ ಆಲೂ ಜೊತೆಗೇ ಓವನ್ನಿಗೆ ಇಡಿ. ಕಾವಲಿಯವರು ಚಿಕ್ಕ ಬಾಣಲೆಯಲ್ಲಿ ಸುಲಿದ ಎಸಳು ಮುಳುಗುವಷ್ಟು ಎಣ್ಣೆ ಹಾಕಿ, ಗುಳ್ಳೆ ಏಳೋ ಏಳದ ಉರಿಯಲ್ಲಿ ಬಿಡಿ. ಬೆಳ್ಳುಳ್ಳಿಯ ಘಾಟು ಹುಟ್ಟುವುದು ಹೆಚ್ಚಿದಾಗ, ಜಜ್ಜಿದಾಗ. ಇಡಿಯಾಗಿ ಬೆಂದರೆ ಆ ಘಾಟು ಏಳುವುದೇ ಇಲ್ಲ. ಮುಕ್ಕಾಲು ಗಂಟೆ ಕಳೆದು ಹಿಸುಕಿದರೆ ಎಸಳು ಕಂದು ಬೆಣ್ಣೆ ಥರ ಹೊರಬರುತ್ತದೆ, ಸಿಹಿ ಸಿಹಿ. ಉರಿ ಹೆಚ್ಚಾಗಿ ಕಪ್ಪಾದ ಎಸಳನ್ನು ಆರಿಸಿ ಎಸೆಯಿರಿ. ಅಂಥದ್ದು ಒಂದಿದ್ದರೂ ಇಡೀ ಸಾಸು ಕಹಿ.

ಸಾಸಿಗೆ ಒಂದು ಚಮಚ ಬೆಣ್ಣೆಯಲ್ಲಿ ಒಂದು ಚಮಚ ಮೈದಾ ಹಸಿವಾಸನೆ ಹೋಗುವವರೆಗೆ ಹುರಿದು, ಒಂದು ಲೋಟ ಗಟ್ಟಿ ಹಾಲು ಸ್ವಲ್ಪ ಸ್ವಲ್ಪವೇ ಬೆರೆಸಿ. ಇಲ್ಲಿ ನಂದಿನಿ ಇಲ್ಲ, ಆವಿನ್. 6 ಪರ್ಸೆಂಟ್ ಕೊಬ್ಬಿನ ಫುಲ್ ಕ್ರೀಮ್ ಹಾಲಾದರೆ ಒಳ್ಳೆಯದು. ಹಿಸುಕಿದ ಬೆಳ್ಳುಳ್ಳಿ ಸೇರಿಸಿ, ಉರಿ ಪೂರ್ತಿ ಇಳಿಸಿ, ಆಮೇಲೆ ಅರ್ಧ ಲೋಟ ಕ್ರೀಮ್. ಮನೆಯ ಕೆನೆ ಆದರೆ ಅವತ್ತಿನದೇ ಬೇಕು. ಬೆಣ್ಣೆಗೆ ಅಂತ ವಾರದಿಂದ ಕೂಡಿಟ್ಟ ಕೆನೆಗೆ ಹುಳಿ ತಿರುಗಿರುತ್ತದೆ, ಬಿಸಿಗೆ ಬಿದ್ದರೆ ಒಡೆಯುತ್ತದೆ. ನಿಂಬೆ ಹಿಂಡುವ ಆಸೆ ಇದ್ದವರೂ ತಡೆದುಕೊಳ್ಳಿ. ಉಪ್ಪು, ಗೂಡಲೂರು ಕಡೆಯ ಕಾಳುಮೆಣಸು ಕುಟ್ಟಿ ಹಾಕಿ. ಕೊನೆಗೆ ಒಂದೇ ಒಂದು ಹಸಿ ಎಸಳನ್ನು ತುರಿದು ಬೆರೆಸಿ. ಬರೀ ಬೆಂದ ಬೆಳ್ಳುಳ್ಳಿಯ ಸಾಸು ಸ್ವಲ್ಪ ಸಪ್ಪೆ, ಈ ಎಸಳು ಅದಕ್ಕೆ ಜೀವ ಕೊಡುತ್ತದೆ.

ಬಡಿಸುವಾಗ ನನ್ನ ಹಟ ಒಂದೇ: ಆಲೂವನ್ನು ಸಾಸಿನಲ್ಲಿ ಮುಳುಗಿಸಬಾರದು. ಅಷ್ಟು ಹೊತ್ತು ಕಾದು ಮಾಡಿದ ಗರಿ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ತಟ್ಟೆಗೆ ಮೊದಲು ಸಾಸು, ಅದರ ಮೇಲೆ ಆಲೂ, ಬೇಕಿದ್ದವರು ಅದ್ದಿಕೊಳ್ಳಲಿ. ಉಳಿದ ಸಾಸಿಗೆ ಇಲ್ಲಿನ ಬೇಕರಿಯ ಬನ್ನು ಚೆನ್ನಾಗಿರುತ್ತದೆ. ಊಟಿಯ ಗರಿಗರಿ ಬಿಸ್ಕತ್ತು ವರ್ಕಿಯನ್ನು ಅದ್ದಿ ತಿನ್ನುವವರನ್ನೂ ನೋಡಿದ್ದೇನೆ, ನಾನಂತೂ ಅಷ್ಟು ದೂರ ಹೋಗಲ್ಲ.

ಗ್ಯಾಸಿನ ಲೆಕ್ಕ ಕೇಳಿದ ಅಕ್ಕನ ಮನೆಯಲ್ಲೂ ಈಗ ಇದು ಆಗುತ್ತದೆ. ಆದರೆ ಅವರ ಪ್ರಕಾರ ಇದರಲ್ಲಿ ಖಾರ ಸಾಲದು. ಹುರಿದ ಆಲೂ ಮೇಲೆ ಸಾಸಿವೆ, ಕರಿಬೇವು, ಮುರಿದ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಸುರಿಯುತ್ತಾರೆ. ಕೆನೆ ಸಾಸಿಗೆ ಒಗ್ಗರಣೆಯೇ ಅಂತ ನಾನು ಮೂಗು ಮುರಿದಿದ್ದೆ. ತಿಂದು ನೋಡಿದೆ. ಈಗ ನಮ್ಮ ಮನೆಯಲ್ಲೂ ಒಗ್ಗರಣೆ ಸೌಟು ಒಲೆ ಮೇಲೇರುತ್ತದೆ.